ಬಿಟ್ಟ ಮೆಟ್ಟಿಲಿನಿಂದ ಮುಂದೆ



ಹಳ್ಳಿಯ ಮಗು ಶಾಲೆ ತಪ್ಪಿಸಿದರೆ ಅದನ್ನು ಅಲಕ್ಷ್ಯವೆಂದು ಭಾವಿಸುವುದು ವಾಡಿಕೆ. ಸುಗ್ಗಿಯ ದಿನಗಳಲ್ಲಿ ತಾಯಿ ಹೊಲಕ್ಕೆ ಹೋದರೆ ಎಳೆಯ ಕೂಸನ್ನು ನೋಡಿಕೊಳ್ಳುವವರಾರು? ಹತ್ತು ದಿನ ಕಳೆದು ಅಕ್ಕ ಶಾಲೆಗೆ ಮರಳುವಾಗ ಪಾಠ ಮುಂದೆ ಸಾಗಿರುತ್ತದೆ. ಅವಳು ಹಿಂದಿನ ಸಾಲಿನಲ್ಲಿ ಮೌನವಾಗುತ್ತಾಳೆ. ಶಾಲೆ ಬಿಡುವ ಯೋಚನೆ ಹುಟ್ಟುವುದು ಆ ಮೌನದಲ್ಲಿಯೇ.

ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ‘ನಲಿ-ಕಲಿ’ಯನ್ನು ಆರಂಭಿಸಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ, ಕಾರ್ಡುಗಳಾಗಿ ವಿಂಗಡಿಸಿದರು. ಗೈರುಹಾಜರಾದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವಂತಾಯಿತು. ಈ ಪದ್ಧತಿ ಮುಂದೆ ನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು.

ದಶಕಗಳ ಕಾಲ ಕಾಲೇಜಿನಲ್ಲಿ ಬೋಧಿಸಿದ ನನ್ನ ಪ್ರಶ್ನೆ ಇಷ್ಟೆ: ಈ ತಾಳ್ಮೆ ಕೆಳಗಿನ ತರಗತಿಗಳಿಗಷ್ಟೇ ಏಕೆ ಸೀಮಿತವಾಗಬೇಕು? ಊರಿನ ಒಂದೇ ಬಸ್ಸು ತಪ್ಪಿ ಮೊದಲ ಪಾಠ ಕಳೆದುಕೊಳ್ಳುವ ವಿದ್ಯಾರ್ಥಿಗೆ, ಕನ್ನಡದಲ್ಲಿ ವಿಜ್ಞಾನ ಕಲಿತು ಪಿ.ಯು.ಸಿ.ಯಲ್ಲಿ ಏಕಾಏಕಿ ಇಂಗ್ಲಿಷನ್ನು ಎದುರಿಸುವ ವಿದ್ಯಾರ್ಥಿನಿಗೆ ಅಂಥ ಮೆಟ್ಟಿಲು ಬೇಡವೇ? ವಾರಕ್ಕೆರಡು ಸಂಜೆ, ಬಸ್ಸಿನ ವೇಳೆಗೆ ಹೊಂದುವಂತೆ, ತಪ್ಪಿದ ಪಾಠವನ್ನು ಕನ್ನಡದಲ್ಲಿ ವಿವರಿಸುವ ಒಂದು ತರಗತಿಯನ್ನು ಪ್ರತಿ ಗ್ರಾಮಾಂತರ ಕಾಲೇಜೂ ನಡೆಸಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮನಸ್ಸುಳ್ಳ ಅಧ್ಯಾಪಕರಿಬ್ಬರು ಸಾಕು.