ಗೂಡು ಕಟ್ಟುವವರು, ಬೆಲೆ ಕಟ್ಟುವವರು
(ಹೊಂಗನೂರಿನ ಶರಣಗೋಷ್ಠಿಯಲ್ಲಿ ನೀಡಿದ ಆಶೀರ್ವಚನ)



ಇಂದು ಸಂಜೆ ನಾವು ಈ ಊರಿಗೆ ಬಂದು ಇಳಿಯುತ್ತಿದ್ದಂತೆ ವಯಸ್ಸಾದ ತಾಯಿಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಬುದ್ಧೀ, ಎರಡು ಎಕರೆ ಹಿಪ್ಪುನೇರಳೆ ಅದೆ. ಹುಳ ಸಾಕಿದ್ದು ಸಾಕು, ಮಾರಿಬಿಡಾನ ಅಂತಾನೆ ಮಗ. ನಾನೇನು ಹೇಳ್ಲಿ?" ನಾವು ಮಾತನಾಡಬೇಕೆಂದು ಬಂದಿದ್ದ ವಿಷಯ ಬೇರೆ ಇತ್ತು. ಆ ತಾಯಿಯ ಪ್ರಶ್ನೆಯ ಮುಂದೆ ಅದು ಸಣ್ಣದಾಗಿ ಕಂಡಿತು. ಆದುದರಿಂದ ಈ ಹೊತ್ತು ಆ ಎರಡು ಎಕರೆಯ ಮಾತನ್ನೇ ಆಡೋಣ.

ಹುಳು ಸಾಕುವ ಕಾಯಕ ಎಂಥದು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ಜ್ವರ ಕಳೆದು, ಹುಳು ಹಣ್ಣಾಗಿ, ಚಂದ್ರಿಕೆಗೆ ಹತ್ತುವತನಕ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಮಗುವಿಗೆ ಹಾಲು ತಡವಾದರೂ ಆದೀತು, ಹುಳುವಿಗೆ ಸೊಪ್ಪು ತಡವಾಗುವಂತಿಲ್ಲ. ಇಷ್ಟೆಲ್ಲ ಮಾಡಿ ಗೂಡು ಬಿಡಿಸಿದ ಮೇಲೆ ಏನಾಗುತ್ತದೆ? ರಾಗಿಯನ್ನು ಕಣಜದಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಗೂಡನ್ನು ಹಾಗೆ ಕಾಯಿಸಲಾಗದು. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ. ಆ ಗೂಡಿನಿಂದ ಎಳೆ ಬಿಚ್ಚಲಾಗದು. ಮಾರುವವನಿಗೆ ಅವಸರ, ಕೊಳ್ಳುವವನಿಗೆ ಅವಸರವಿಲ್ಲ. ಎಲ್ಲಿ ಒಬ್ಬನಿಗೆ ಮಾತ್ರ ಅವಸರವೋ ಅಲ್ಲಿ ನ್ಯಾಯದ ಬೆಲೆ ತಾನಾಗಿ ಹುಟ್ಟುವುದಿಲ್ಲ.

ಇದನ್ನು ಅರಿತೇ ಅಂದಿನ ಮೈಸೂರು ರಾಜ್ಯದ ಸರ್ಕಾರ 1959ರಲ್ಲಿ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಮಾರಾಟವನ್ನು ನಿಯಂತ್ರಿಸುವ ಕಾನೂನು ತಂದಿತು. ಗೂಡು ಸರ್ಕಾರಿ ಮಾರುಕಟ್ಟೆಗೆ ಬರಬೇಕು, ಎಲ್ಲರೆದುರು ಹರಾಜಾಗಬೇಕು, ತೂಕ ಎಲ್ಲರ ಕಣ್ಣಿಗೆ ಕಾಣಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ಹೆಸರು ಬಂದದ್ದು ಇಂಥ ವ್ಯವಸ್ಥೆಯಿಂದ. ನೋಡಿ, ಇಲ್ಲಿ ಅಧಿಕಾರವು ಅರ್ಥದ ಬೆನ್ನಿಗೆ ನಿಂತಿತು. ಬಡವನ ಅವಸರವನ್ನು ಬಲ್ಲವನು ದುಡಿಸಿಕೊಳ್ಳದಂತೆ ಶಾಸನ ಅಡ್ಡ ಬಂದಿತು.

ಆದರೆ ಅದೇ ಅಧಿಕಾರ ದೂರದಲ್ಲಿ ಕುಳಿತು ಇನ್ನೊಂದು ಕೆಲಸವನ್ನೂ ಮಾಡಬಲ್ಲದು. ಹೊರದೇಶದಿಂದ ಬರುವ ಕಚ್ಚಾ ರೇಷ್ಮೆಯ ಮೇಲೆ ಶೇಕಡ 30ರಷ್ಟು ಆಮದು ಸುಂಕವಿತ್ತು. 2011ರ ಕೇಂದ್ರ ಬಜೆಟ್ಟಿನಲ್ಲಿ ಅದನ್ನು ಶೇಕಡ 5ಕ್ಕೆ ಇಳಿಸಿದರು. ದೆಹಲಿಯಲ್ಲಿ ಓದಿದ್ದು ಒಂದು ಸಾಲು. ಆ ಸಾಲು ಚೀನಾದ ನೂಲಿಗೆ ಬಾಗಿಲಾಯಿತು. ಇಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ಎಷ್ಟೋ ಮಂದಿ ಹಿಪ್ಪುನೇರಳೆ ಕಿತ್ತುಹಾಕಿದರು. 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಿದರು. ಮುಂದೆ ಅದು ಶೇಕಡ 10ಕ್ಕೆ ಇಳಿಯಿತು. 2021ರಲ್ಲಿ ಮತ್ತೆ 15ಕ್ಕೆ ಏರಿತು. ಬಾವಿಯ ಹಗ್ಗದಂತೆ ಹೀಗೆ ಏರಿಳಿದರೆ ರೈತ ಯಾವ ಧೈರ್ಯದಿಂದ ಕಡ್ಡಿ ನೆಡಬೇಕು?

ಹಾಗೆಂದು ಸುಂಕ ಇಳಿಸಿದವರೆಲ್ಲ ದುಷ್ಟರೆಂದು ನಾವು ಹೇಳುವುದಿಲ್ಲ. ಕಾಶಿಯ ನೇಕಾರನಿಗೆ, ಕಾಂಚೀಪುರದ ನೇಕಾರನಿಗೆ ನೂಲು ಅಗ್ಗವಾಗಿ ಬೇಕು. ಅವನೂ ಕಾಯಕಜೀವಿ, ಅವನ ಮನೆಯಲ್ಲಿಯೂ ಮಕ್ಕಳಿವೆ. ಒಬ್ಬನ ಅನ್ನ ಇನ್ನೊಬ್ಬನ ಖರ್ಚು. ಇವರಿಬ್ಬರ ನಡುವೆ ತಕ್ಕಡಿ ಹಿಡಿಯುವುದಕ್ಕೇ ರಾಜಕಾರಣವೆಂದು ಹೆಸರು. ತಕ್ಕಡಿ ಹಿಡಿದವನಿಗೆ ಇಬ್ಬರ ಕೂಗೂ ಕೇಳಬೇಕು. ಕೂಗದೆ ಕುಳಿತವನ ತಟ್ಟೆ ಯಾವಾಗಲೂ ಮೇಲಕ್ಕೇ ಏಳುತ್ತದೆ.

ಇನ್ನು ಭೂಮಿಯ ಮಾತು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು ಗೇಣಿದಾರನಿಗೆ ನೆಲದ ಒಡೆತನ ದೊರೆಯಿತು. 2020ರಲ್ಲಿ ಅದೇ ಕಾನೂನಿಗೆ ಇನ್ನೊಂದು ತಿದ್ದುಪಡಿ ಬಂದು, ವ್ಯವಸಾಯಗಾರರಲ್ಲದವರು ಜಮೀನು ಕೊಳ್ಳಬಾರದೆಂಬ ನಿರ್ಬಂಧ ಹೋಯಿತು. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಈ ನಡುವೆ ನಿಮ್ಮ ಹೊಲದ ಮಣ್ಣು ಬದಲಾಯಿತೇ? ಇಲ್ಲ. ಮಣ್ಣು ಅದೇ, ಮಳೆ ಅದೇ. ಬೆಲೆ ಮಾತ್ರ ಬೇರೆ. ಒಂದು ಶಾಸನ, ಒಂದು ರಸ್ತೆ, ಒಂದು ಹೆಸರು ಸೇರಿದರೆ ಹಿಪ್ಪುನೇರಳೆ ಎಂದೂ ದುಡಿದು ಕೊಡಲಾರದ ಬೆಲೆ ನೆಲಕ್ಕೆ ಬರುತ್ತದೆ. ಆ ತಾಯಿಯ ಮಗ ಸೋಮಾರಿಯಲ್ಲ. ಅವನಿಗೆ ಲೆಕ್ಕ ಬರುತ್ತದೆ, ಅಷ್ಟೆ.

ರಸ್ತೆ ಬಂದರೆ ಊರು ಉದ್ಧಾರವಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ನಿಜ. ಆಸ್ಪತ್ರೆ ಹತ್ತಿರವಾಗುತ್ತದೆ, ಕೆಲಸ ಹತ್ತಿರವಾಗುತ್ತದೆ. ಆದರೆ ಹೊಸ ಹೆದ್ದಾರಿ ಚನ್ನಪಟ್ಟಣದ ಹೊರಗೆ ಬಳಸಿಕೊಂಡು ಹೋಯಿತು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುವವರ ಅಂಗಡಿಯ ಮುಂದೆ ಮೊದಲು ಕಾರು ನಿಲ್ಲುತ್ತಿದ್ದವು, ಮಕ್ಕಳು ಹಟ ಮಾಡಿ ಗೊಂಬೆ ಕೊಡಿಸಿಕೊಳ್ಳುತ್ತಿದ್ದರು. ಈಗ ಎಷ್ಟೋ ಕಾರು ಊರಿಗೆ ಮುಖ ತೋರಿಸದೆ ಹೋಗುತ್ತವೆ. ಪ್ರಯಾಣಿಕನಿಗೆ ಉಳಿದ ಸಮಯ ಅಂಗಡಿಯವನಿಗೆ ಕಳೆದ ವ್ಯಾಪಾರ. ರಸ್ತೆಯ ನಕ್ಷೆ ಬರೆಯುವ ದಿನ ಈ ಲೆಕ್ಕವನ್ನು ಕೇಳಿದವರು ಎಷ್ಟು ಮಂದಿ?

ಅಧಿಕಾರದಿಂದ ಒಳಿತೂ ಆಗುತ್ತದೆ. ಶಿಂಷೆಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ಈ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದಾಗ ಬತ್ತಿದ ಬಾವಿಗೆ ಜೀವ ಬಂದಿತು. ಆದರೆ ನೀರು ತಂದವರು ಯಾರೆಂಬ ಜಗಳ ಪ್ರತಿ ಚುನಾವಣೆಯಲ್ಲಿಯೂ ನಡೆಯುತ್ತದೆ. ಕೆರೆಗೆ ನೀರು ಬಂದದ್ದು ಯಾರ ಕೃಪೆಯೂ ಅಲ್ಲ, ನಿಮ್ಮ ತೆರಿಗೆಯ ದುಡ್ಡು ನಿಮ್ಮ ಊರಿಗೆ ಹಿಂದಿರುಗಿದ್ದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಬೊಕ್ಕಸದ ಕೀಲಿಕೈ ಸೊಂಟದಲ್ಲಿ, ಮನಸ್ಸು ದುಡಿಯುವವರ ನಡುವೆ. ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮ ಏನು ಮಾಡಿದಳು? ಹೆಚ್ಚಿನದನ್ನು ತಂದಲ್ಲಿಗೇ ಹಿಂದಕ್ಕೆ ಕಳುಹಿಸಿದಳು. ಭಂಡಾರ ಕಾಯುವವನಿಗೂ ಮನೆ ನಡೆಸುವವಳಿಗೂ ಒಂದೇ ನೀತಿ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲಿಗೆ ಬರುವ ಲಕೋಟೆಯನ್ನು ನಮ್ಮ ಮನೆಯ ಲಕ್ಕಮ್ಮಂದಿರು ಹಿಂದಕ್ಕೆ ಕಳುಹಿಸುತ್ತಾರೆಯೇ? ಅದನ್ನು ಒಳಗಿಟ್ಟುಕೊಂಡವರು ಮರುದಿನ ಗೂಡಿನ ಬೆಲೆ ಕೇಳಲು ಹೋದರೆ, ನಿಮ್ಮದು ಆಗಲೇ ಕೊಟ್ಟಾಯಿತಲ್ಲ ಎಂಬ ಉತ್ತರ ಬರುತ್ತದೆ.

ಈಗ ಆ ತಾಯಿಗೆ ಏನು ಹೇಳೋಣ? ಮಾರಬೇಡಿ ಎಂದು ಹೇಳುವುದು ಪೀಠದ ಮೇಲೆ ಕುಳಿತವರಿಗೆ ಸುಲಭ. ಸಾಲ ತೀರಿಸಬೇಕಾದವರು ನೀವು. ಆದುದರಿಂದ ಅಪ್ಪಣೆ ಕೊಡುವುದಿಲ್ಲ, ಮೂರು ಮಾತು ಹೇಳುತ್ತೇವೆ. ಒಂದು: ಮಗನೊಡನೆ ಕುಳಿತು ಲೆಕ್ಕ ಹಾಕಿ. ಮಾರಿದ ಹಣ ಎಷ್ಟು ವರ್ಷ ಉಳಿದೀತು, ಆಮೇಲೆ ಕೈಗೆ ಯಾವ ಕಾಯಕ ಎಂದು ಕೇಳಿ. ಅದಕ್ಕೆ ಉತ್ತರ ಸಿಗುವತನಕ ಸಹಿ ಹಾಕಬೇಡಿ. ಎರಡು: ಒಬ್ಬರೇ ಅಳಬೇಡಿ. ಹುಳು ಸಾಕುವವರು, ನೂಲು ಬಿಚ್ಚುವವರು ಬೇರೆ ಬೇರೆ ಕೂಗಿದರೆ ದೆಹಲಿಗೆ ಕೇಳಿಸದು. ಒಟ್ಟಾಗಿ ಕೂಗಿದರೆ ಕೇಳಿಸೀತು. ಮೂರು: ಮತ ಕೇಳಲು ಬಂದವರನ್ನು ಜಾತಿ ಕೇಳಬೇಡಿ, ಗೂಡಿನ ಬೆಲೆಯ ಬಗ್ಗೆ, ಸುಂಕದ ಬಗ್ಗೆ, ಕೆರೆಯ ಬಗ್ಗೆ ಕೇಳಿ.

ಹುಳು ತನ್ನ ಸುತ್ತ ಗೂಡು ಕಟ್ಟಿಕೊಂಡು ಅದರೊಳಗೇ ಬೇಯುತ್ತದೆ. ಅದಕ್ಕೆ ಅರಿವಿಲ್ಲ. ನಮಗೆ ಅರಿವಿದೆ. ಅರಿವಿದ್ದವರು ಬಾಯಿ ಮುಚ್ಚಿ ಕೂರಬಾರದು. ನಿಮ್ಮ ಕಾಯಕಕ್ಕೆ ತಕ್ಕ ಬೆಲೆ ದೊರೆಯಲಿ, ನಿಮ್ಮ ಮನೆಗಳು ತಣ್ಣಗಿರಲಿ ಎಂದು ಹಾರೈಸುತ್ತೇವೆ.