ಹಗೆಯ ಗಡಿ ಮರಣ



ಯುದ್ಧದಲ್ಲಿ ಗೆಲ್ಲುವುದು ತೋಳ್ಬಲದ ಪರೀಕ್ಷೆ. ಗೆದ್ದ ಮೇಲೆ ಸತ್ತವನ ದೇಹವನ್ನು ಹೇಗೆ ಕಾಣುತ್ತೇವೆಂಬುದು ಧರ್ಮದ ಪರೀಕ್ಷೆ. ರಾವಣನು ರಣದಲ್ಲಿ ಬಿದ್ದಾಗ, ಇಂಥ ಅಧರ್ಮಿಗೆ ಸಂಸ್ಕಾರ ಮಾಡಲಾರೆನೆಂದು ವಿಭೀಷಣನು ಹಿಂಜರಿದನು. ಆಗ ಶ್ರೀರಾಮನು, ಹಗೆಯು ಸಾವಿನೊಡನೆ ಮುಗಿಯಿತು, ಇನ್ನು ಇವನು ನಿನಗೆ ಹೇಗೋ ನನಗೂ ಹಾಗೆಯೇ ಎಂದು ತಿಳಿಹೇಳಿ ಸಂಸ್ಕಾರ ಮಾಡಿಸಿದನೆಂದು ವಾಲ್ಮೀಕಿಗಳು ಹೇಳುತ್ತಾರೆ.

ಈ ಅಳತೆಗೋಲನ್ನು ಹಿಡಿದು ನಮ್ಮ ನಾಡಿನ ಇತಿಹಾಸವನ್ನು ನೋಡೋಣ. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯ ಕದನದಲ್ಲಿ ವೃದ್ಧನಾಗಿದ್ದ ವಿಜಯನಗರದ ಅಳಿಯ ರಾಮರಾಯನು ಸೆರೆಸಿಕ್ಕನು. ಅಹಮದ್‌ನಗರದ ಹುಸೇನ್ ನಿಜಾಮಶಹನು ಅವನ ತಲೆಯನ್ನು ಕಡಿಸಿ, ಈಟಿಯ ತುದಿಗೇರಿಸಿ ಸೈನ್ಯಕ್ಕೆಲ್ಲ ತೋರಿಸಿದನು. ಕಥೆ ಅಲ್ಲಿಗೇ ನಿಲ್ಲಲಿಲ್ಲ. ಫೆರಿಷ್ತಾನ ಇತಿಹಾಸವನ್ನು ಇಂಗ್ಲಿಷಿಗೆ ತಿರುಗಿಸಿ 1829ರಲ್ಲಿ ಪ್ರಕಟಿಸಿದ ಜಾನ್ ಬ್ರಿಗ್ಸ್ ಎಂಬ ಸೇನಾಧಿಕಾರಿಯು, ಆ ತಲೆಯನ್ನು ಕಡಿದವನ ವಂಶದವರು ಅದನ್ನು ಇರಿಸಿಕೊಂಡು, ವರ್ಷಕ್ಕೊಮ್ಮೆ ಎಣ್ಣೆ ಕೆಂಬಣ್ಣಗಳನ್ನು ಬಳಿದು, ಆ ಕದನದ ದಿನದಂದು ಅಹಮದ್‌ನಗರದಲ್ಲಿ ಜನರಿಗೆ ತೋರಿಸುತ್ತಿದ್ದರೆಂದು ಬರೆದಿದ್ದಾನೆ. ಬಿಜಾಪುರದ ಕೋಟೆಯಲ್ಲಿ ರಾಮರಾಯನ ಕಲ್ಲಿನ ತಲೆಯೊಂದನ್ನು ಕೊಳಚೆ ನೀರು ಹರಿಯುವ ಬಾಯಿಯಾಗಿ ಇಟ್ಟಿದ್ದರೆಂದೂ ಆತನೇ ಬರೆದಿದ್ದಾನೆ. ಸತ್ತವನನ್ನು ಇನ್ನೂರೈವತ್ತು ವರ್ಷ ಸಾಯಗೊಡಲಿಲ್ಲ!

ಇದನ್ನು ಕೇಳಿ ಒಂದು ಮತದವರ ಮೇಲೆ ಸಿಟ್ಟಾಗುವವರು ಅರ್ಧ ಮಾತ್ರ ಕೇಳಿದಂತೆ. ಆ ಯುದ್ಧಕ್ಕೆ ಮೊದಲು ರಾಮರಾಯನ ದಂಡೂ ಅಹಮದ್‌ನಗರದ ಸೀಮೆಯನ್ನು ಹಾಳುಗೆಡವಿತ್ತು. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನು ಕಂಪನಿ ಸರಕಾರದ ವಿರುದ್ಧ ಎದ್ದನು. ಆತನ ಸ್ವಾತಂತ್ರ್ಯಾಭಿಮಾನಕ್ಕೆ ನಮ್ಮ ಗೌರವವಿದೆ. ಆದರೆ ಸುರೇಬಾನದಲ್ಲಿ ಕೊಲ್ಲಲ್ಪಟ್ಟ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆಯನ್ನು ತಂದು ನರಗುಂದದ ಅಗಸೆಬಾಗಿಲಿಗೆ ಏರಿಸಿದ್ದನ್ನು ಧರ್ಮವೆನ್ನಲಾದೀತೇ? ನಮ್ಮವರು ಮಾಡಿದರೆಂದು ಅಳತೆಗೋಲು ಬದಲಾಗುವುದಿಲ್ಲ.

ನಾಗರಿಕರೆಂದು ಹೇಳಿಕೊಂಡ ಆಂಗ್ಲರೂ ಬೇರೆಯಾಗಿರಲಿಲ್ಲ. ಅದೇ 1858ರಲ್ಲಿ ಸಿಯಾಲಕೋಟೆಯಲ್ಲಿ ಆಲಂ ಬೇಗ್ ಎಂಬ ಸಿಪಾಯಿಯನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದರು. ಅವನ ತಲೆಬುರುಡೆಯನ್ನು ಒಬ್ಬ ಅಧಿಕಾರಿಯು ನೆನಪಿನ ವಸ್ತುವಾಗಿ ಒಯ್ದನು. 1963ರಲ್ಲಿ ಅದು ಇಂಗ್ಲೆಂಡಿನ ಒಂದು ಹೆಂಡದಂಗಡಿಯಲ್ಲಿ ಸಿಕ್ಕಿತು. ಒಂದು ಕುಟುಂಬವನ್ನು ಕೊಂದವನು ಇವನೆಂದು ಬರೆದ ಚೀಟಿ ಕಣ್ಣಿನ ಕುಳಿಯಲ್ಲಿತ್ತು. ಕಿಮ್ ವ್ಯಾಗ್ನರ್ ಎಂಬ ಇತಿಹಾಸಕಾರರು ದಾಖಲೆಗಳನ್ನು ಶೋಧಿಸಿ, ಆ ಕೊಲೆ ಅವನದಲ್ಲವೆಂಬ ನಿರ್ಣಯಕ್ಕೆ ಬಂದರು. ನಿರಪರಾಧಿಯ ತಲೆಯೇ ಅಪರಾಧದ ಗುರುತಾಗಿ ಕೂತಿತ್ತು!

ಈಚೆಗೆ, 2024ರ ಅಕ್ಟೋಬರಿನಲ್ಲಿ, ನಾಗಾ ಜನರದೆಂದು ಹೇಳಿದ ಒಂದು ತಲೆಬುರುಡೆಯನ್ನು ಇಂಗ್ಲೆಂಡಿನಲ್ಲಿ ಹರಾಜಿಗಿಟ್ಟಿದ್ದರು. ನಾಗಾಲ್ಯಾಂಡಿನವರು ಪ್ರತಿಭಟಿಸಿದ ಮೇಲೆ ಹಿಂತೆಗೆದರು. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯವು 2020ರಲ್ಲಿ ಮಾನವರ ಅವಶೇಷಗಳನ್ನು ಪ್ರದರ್ಶನದಿಂದ ತೆಗೆದಿರಿಸಿತು. ತಡವಾದರೂ ಇದು ಒಳ್ಳೆಯ ನಡೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಮನುಷ್ಯನು ವಸ್ತುವಾಗುವುದಿಲ್ಲ.

ನಮ್ಮ ಹಿರಿಯರು ಇನ್ನೊಂದು ದಾರಿಯನ್ನೂ ತೋರಿಸಿದ್ದಾರೆ. ನಮ್ಮ ಜಿಲ್ಲೆಯ ಊರೂರಿನಲ್ಲಿ ವೀರಗಲ್ಲುಗಳನ್ನು ಕಾಣುತ್ತೀರಿ. ಕೆಳಗಿನ ಅಂಕಣದಲ್ಲಿ ಕಾಳಗ. ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು. ಮೇಲೆ ಶಿವಲಿಂಗದ ಸನ್ನಿಧಿ. ಸತ್ತವನ ಹೆಸರು ಉಳಿಯಿತು, ದೇಹ ಮಣ್ಣಿಗೆ ಸಂದಿತು. ಬಿಜಾಪುರದ ಮೋರಿಯ ಬಾಯಿಯೂ ಕಲ್ಲೇ, ಈ ವೀರಗಲ್ಲೂ ಕಲ್ಲೇ. ಒಂದು ಮನುಷ್ಯನನ್ನು ಕೊಚ್ಚೆಗಿಳಿಸಿತು, ಇನ್ನೊಂದು ಕೈಲಾಸಕ್ಕೇರಿಸಿತು. ಲಿಂಗವನ್ನು ಧರಿಸಿದ ಕಾಯವು ಶಿವನ ನೆಲೆಯೆಂದು ನಂಬಿ, ಸತ್ತವರನ್ನು ವಿಭೂತಿ ಬಿಲ್ವಪತ್ರೆಗಳೊಡನೆ ಕುಳ್ಳಿರಿಸಿ ಮಣ್ಣು ಮಾಡುವ ನಾವು ಇದನ್ನು ಬೇಗ ಅರಿಯಬೇಕು.

ನಮಗೇಕೆ ಈ ಮಾತು, ನಾವು ಯಾರ ತಲೆಯನ್ನೂ ಕಡಿದಿಲ್ಲವೆಂದು ನೀವು ಕೇಳಬಹುದು. ಕಾಫಿ ತೋಟದ ಬೇಲಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿ, ಒಬ್ಬನು ಸತ್ತಾಗ ಇನ್ನೊಬ್ಬನು ಹೆಗಲು ಕೊಡುವುದಿಲ್ಲ. ತೋಟದಲ್ಲಿ ದುಡಿದು ಸತ್ತ ಕೂಲಿಯವನಿಗೆ ಆರಡಿ ನೆಲ ಕೊಡಲು ಹಿಂದೆಮುಂದೆ ನೋಡುತ್ತೇವೆ. ಹೆಣದ ಮುಂದೆ ಹಗೆ ಸಾಧಿಸುವುದು ಈಟಿಗೆ ತಲೆ ಏರಿಸಿದವರ ಕುಲಕ್ಕೆ ಸೇರಿದಂತೆ. ಮಣ್ಣಿಗೆ ಹೋಗುವಾಗಲಾದರೂ ವೈರಿಗೆ ಹೆಗಲು ಕೊಡಿ, ಬಡವನಿಗೆ ನೆಲ ಕೊಡಿ. ಆ ಬುದ್ಧಿಯನ್ನು ಪರಶಿವನು ನಿಮಗೆಲ್ಲ ಕರುಣಿಸಲೆಂದು ಹಾರೈಸಿ, ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.