ಟೂಸಾನ್‌ನ ವಿಮಾನದ ಅಂಗಳ: ಮೇಲಿಂದ ನೋಡಲೆಂದೇ ಬಿಟ್ಟ ಸಾಕ್ಷಿ

ಮುಂಬೈ, ಪುಣೆ, ಹೈದರಾಬಾದ್, ದೆಹಲಿ, ಎಲ್ಲಿಂದ ನೋಡ್ತಾ ಇದ್ರೂ ಇವತ್ತು ಬೇಕಾಗಿರೋದು ಒಂದು ಲ್ಯಾಪ್‌ಟಾಪ್ ಮತ್ತೆ ಗೂಗಲ್ ಅರ್ಥ್ ಪ್ರೊ, ಅಷ್ಟೇ. ನಾನೂ ನಿಮ್ಮ ಹಾಗೇ ಸಾಫ್ಟ್‌ವೇರ್ ಕೆಲಸದವನು. ಉಪಗ್ರಹ ಚಿತ್ರ ನೋಡೋದು ಭಾನುವಾರದ ಹವ್ಯಾಸ.

ಸರ್ಚ್‌ನಲ್ಲಿ 32.15, -110.83 ಅಂತ ಹಾಕಿ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರಕ್ಕೆ ಹೋಗ್ತೀರಿ. ಕಂದು ನೆಲದ ಮೇಲೆ ಸಾಲುಸಾಲಾಗಿ ವಿಮಾನಗಳು ಕಾಣ್ತವೆ. ಇದು ಡೇವಿಸ್-ಮಾಂಥನ್ ವಾಯುನೆಲೆಯ ದಾಸ್ತಾನು ಅಂಗಳ. ಸುಮಾರು 2,600 ಎಕರೆ ಜಾಗ, 3,000ಕ್ಕೂ ಹೆಚ್ಚು ವಿಮಾನ. ಜನ ಇದಕ್ಕೆ ಇಟ್ಟ ಹೆಸರು ಬೋನ್‌ಯಾರ್ಡ್, ಅಂದ್ರೆ ಮೂಳೆಗಳ ಅಂಗಳ. ರಸ್ತೆಯ ದಕ್ಷಿಣಕ್ಕೆ ಇರೋ ಬಗೆಬಗೆಯ ವಿಮಾನಗಳನ್ನ ನೋಡಿ ಗೊಂದಲ ಆಗಬೇಡಿ. ಅದು ಪೀಮಾ ವಿಮಾನ ಮ್ಯೂಸಿಯಂ, ಬೇರೆ ಸಂಸ್ಥೆ.

ಯಾವುದು ಯಾವ ವಿಮಾನ ಅಂತ ಗೊತ್ತಾಗೋದು ಹೇಗೆ? ರೂಲರ್ ಟೂಲ್ ತಗೊಂಡು ರೆಕ್ಕೆ ಅಳೆಯಿರಿ. ಒಂದು ತುದಿಯಿಂದ ಇನ್ನೊಂದಕ್ಕೆ 56 ಮೀಟರ್ ಹತ್ರ ಬಂದು, ರೆಕ್ಕೆ ಹಿಂದಕ್ಕೆ ಬಾಗಿದ್ರೆ, ಕೆಳಗೆ ನಾಲ್ಕು ಜೋಡಿ ಎಂಜಿನ್ ಕಂಡ್ರೆ ಅದು ಬಿ-52 ಬಾಂಬರ್. ರೆಕ್ಕೆ ನೇರ ಇದ್ದು 40 ಮೀಟರ್ ಬಂದ್ರೆ ಸಿ-130 ಸರಕು ವಿಮಾನ ಇರಬಹುದು. ಎಫ್-16 ಆದ್ರೆ ಬರೀ 10 ಮೀಟರ್.

ಇಲ್ಲೇ ಯಾಕೆ? ಮುಂಬೈನಲ್ಲಿ ಒಂದು ಮಳೆಗಾಲ ಬೈಕನ್ನ ಬಯಲಲ್ಲಿ ನಿಲ್ಲಿಸಿದವರಿಗೆ ತುಕ್ಕು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಟೂಸಾನ್‌ನಲ್ಲಿ ಮಳೆ ಕಮ್ಮಿ, ಗಾಳಿಯಲ್ಲಿ ತೇವ ಕಮ್ಮಿ. ನೆಲ ಎಷ್ಟು ಗಟ್ಟಿ ಅಂದ್ರೆ ಕಾಂಕ್ರೀಟ್ ಹಾಕದೆಯೇ ಭಾರೀ ವಿಮಾನ ನಿಲ್ಲಿಸಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿ-29 ಮತ್ತು ಸಿ-47 ವಿಮಾನಗಳನ್ನು ಇಡೋದಕ್ಕೆ ಈ ಜಾಗ ಆರಿಸಿದ್ದು ಇದೇ ಕಾರಣಕ್ಕೆ.

ಈಗ ಝೂಮ್ ಮಾಡಿ. ಎಷ್ಟೋ ವಿಮಾನಗಳ ಮೂಗು, ಬೆನ್ನು, ಎಂಜಿನ್ ಬಾಯಿ ಬಿಳಿಯಾಗಿ ಕಾಣತ್ತೆ. ಬಿಸಿಲು, ಧೂಳು ಒಳಗೆ ಹೋಗದಿರಲಿ ಅಂತ ಬಳಿಯುವ ಲೇಪನ ಅದು. ಅದಕ್ಕೂ ಮೊದಲು ಇಂಧನ ಖಾಲಿ ಮಾಡಿ, ತೆಳು ಎಣ್ಣೆ ಹರಿಸಿ, ಅದನ್ನೂ ತೆಗೀತಾರೆ. ಒಳಗೆ ಎಣ್ಣೆಯ ಪದರ ಉಳಿಯತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಡಿಲೀಟ್ ಅಲ್ಲ, ಕೋಲ್ಡ್ ಸ್ಟೋರೇಜ್. ಅಂಗಳದಲ್ಲಿ ನಾಲ್ಕು ವರ್ಗ ಇವೆ: ಮತ್ತೆ ಹಾರಿಸಬಹುದು ಅಂತ ಜೋಪಾನ ಮಾಡಿದ್ದು, ಬಿಡಿಭಾಗ ತೆಗೆಯೋಕೆ ಇಟ್ಟಿದ್ದು, ಸ್ವಲ್ಪ ಕಾಲ ಹಾರೋ ಸ್ಥಿತಿಯಲ್ಲೇ ಇಟ್ಟಿದ್ದು, ವಿಲೇವಾರಿಗೆ ಹೋಗೋದು.

ಮೊದಲ ವರ್ಗ ಬರೀ ಕಾಗದದ ಮಾತಲ್ಲ. 2008ರಲ್ಲಿ ಇಲ್ಲಿಗೆ ಬಂದ ಬಿ-52 ಒಂದು, ‘ಘೋಸ್ಟ್ ರೈಡರ್’ ಅಂತ ಹೆಸರು, 2015ರಲ್ಲಿ ಮತ್ತೆ ಹಾರಿ ಸೇವೆಗೆ ಹೋಯ್ತು. 2019ರಲ್ಲಿ ‘ವೈಸ್ ಗೈ’ ಅನ್ನೋ ಇನ್ನೊಂದೂ ಹೋಯ್ತು.

ಇಲ್ಲೇ ನಿಜವಾದ ಸಮಸ್ಯೆ ಶುರುವಾಗೋದು. ಬಿ-52 ಅಣುಬಾಂಬ್ ಹೊರಬಲ್ಲ ವಿಮಾನ. ‘ನಾವು ಇಷ್ಟು ಬಾಂಬರ್ ನಿಲ್ಲಿಸಿಬಿಟ್ವಿ’ ಅಂತ ಅಮೆರಿಕ ಹೇಳಿದ್ರೆ ಎದುರಿನವರು ಯಾಕೆ ನಂಬಬೇಕು? ನಿಲ್ಲಿಸಿದ ವಿಮಾನ ನಾಳೆ ವಾಪಸ್ ಹಾರಬಹುದಲ್ಲ!

ಇದಕ್ಕೆ ಉತ್ತರ ಆಕಾಶದಲ್ಲಿತ್ತು. 1972ರ ಎಬಿಎಂ ಒಪ್ಪಂದದಲ್ಲೇ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದು ಮಾತಿಗೆ ಒಪ್ಪಿದ್ದವು: ಪರಸ್ಪರರ ಉಪಗ್ರಹ ನಿಗಾಕ್ಕೆ ಅಡ್ಡಿ ಮಾಡಬಾರದು, ಬೇಕಂತಲೇ ಮರೆಮಾಡಿ ಪರಿಶೀಲನೆ ತಪ್ಪಿಸಬಾರದು. 1991ರ ಸ್ಟಾರ್ಟ್ ಒಪ್ಪಂದ ಇನ್ನೂ ಮುಂದೆ ಹೋಯ್ತು. ಬಾಂಬರ್ ನಾಶ ಅಂದ್ರೆ ಏನು ಅಂತ ಸ್ಪೆಸಿಫಿಕೇಶನ್ ಥರ ಬರೆದರು. ಬಾಲ ಕತ್ತರಿಸಬೇಕು, ರೆಕ್ಕೆ ಬೇರೆ ಮಾಡಬೇಕು, ಉಳಿದ ಒಡಲನ್ನು ಎರಡು ತುಂಡು ಮಾಡಬೇಕು. ಬಾಲ, ಒಡಲು ಕತ್ತರಿಸೋದು ಬೋಲ್ಟ್ ಬಿಚ್ಚಿ ಮತ್ತೆ ಸೇರಿಸಬಹುದಾದ ಕೀಲಿನಲ್ಲಿ ಅಲ್ಲ, ಬೇರೆ ಜಾಗದಲ್ಲಿ. ಎಡ್ಜ್ ಕೇಸ್ ಯೋಚನೆ ಮಾಡಿರೋದನ್ನ ಗಮನಿಸಿ.

ಹೀಗೆ ಸುಮಾರು 365 ಬಿ-52ಗಳು ತುಂಡಾದವು. ಕ್ರೇನ್‌ನಿಂದ 13,000 ಪೌಂಡ್, ಅಂದ್ರೆ ಸುಮಾರು 5,900 ಕಿಲೋ ತೂಕದ ಉಕ್ಕಿನ ಅಲಗನ್ನು ಬೀಳಿಸಿ ಕತ್ತರಿಸಿದರು. ತುಂಡುಗಳನ್ನು ತಕ್ಷಣ ಗುಜರಿಗೆ ಕಳಿಸದೆ 90 ದಿನ ಹಾಗೇ ಬಯಲಲ್ಲಿ ಬಿಟ್ಟರು, ಎದುರಿನವರ ಉಪಗ್ರಹ ಬಂದು ಎಣಿಸಿಕೊಂಡು ಹೋಗಲಿ ಅಂತ. ಮುಂದೆ ನ್ಯೂ ಸ್ಟಾರ್ಟ್ ಒಪ್ಪಂದದ ಲೆಕ್ಕದಲ್ಲಿದ್ದ ಕೊನೆಯ ಬಿ-52ಜಿಯ ಬಾಲ ಕತ್ತರಿಸಿದ್ದು 2013ರ ಡಿಸೆಂಬರ್‌ನಲ್ಲಿ.

ಇದರ ತದ್ವಿರುದ್ಧ ಎಫ್-14ರ ಕಥೆ. ಅಮೆರಿಕ ಬಿಟ್ಟರೆ ಈ ಯುದ್ಧವಿಮಾನ ಹಾರಿಸಿದ ದೇಶ ಇರಾನ್ ಒಂದೇ. ಬಿಡಿಭಾಗ ಅಲ್ಲಿಗೆ ಸೇರಬಾರದು ಅಂತ 2007ರಲ್ಲಿ ಇಲ್ಲಿನ ಎಫ್-14ಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡೋಕೆ ಶುರು ಮಾಡಿದರು. ಒಂದನ್ನು ಕಾಣುವ ಹಾಗೆ ಕತ್ತರಿಸಿದರು, ಇನ್ನೊಂದನ್ನು ಯಾರ ಕೈಗೂ ಸಿಗದ ಹಾಗೆ. ಎರಡೂ ಒಂದೇ ಅಂಗಳದಲ್ಲಿ.

ಹಾಗಂತ ಚಿತ್ರ ನೋಡಿದ ತಕ್ಷಣ ತೀರ್ಪು ಕೊಡಬೇಡಿ. ಗೂಗಲ್ ಅರ್ಥ್‌ನಲ್ಲಿ ಗಡಿಯಾರದ ಗುರುತು ಒತ್ತಿದರೆ ಹಳೆಯ ಚಿತ್ರಗಳೂ ಬರ್ತವೆ. ಮೊದಲು ಚಿತ್ರದ ದಿನಾಂಕ ನೋಡಿ, ನಂತರ ಬೇರೆ ದಿನಾಂಕದ ಚಿತ್ರದ ಜೊತೆ ಹೋಲಿಸಿ. ಸಾಲಿನಲ್ಲಿದ್ದ ವಿಮಾನ ಮುಂದಿನ ಚಿತ್ರದಲ್ಲಿ ಇಲ್ಲ ಅಂದ್ರೆ ಅದು ಹಾರಿರಬಹುದು, ಪಕ್ಕದ ಸಾಲಿಗೆ ಹೋಗಿರಬಹುದು, ಗುಜರಿಗೂ ಸೇರಿರಬಹುದು. ಒಳಗೆ ಎಂಜಿನ್ ಇದೆಯಾ, ವಿಮಾನ ಯಾವ ವರ್ಗದ್ದು ಅನ್ನೋದನ್ನ ಮೇಲಿಂದ ತೆಗೆದ ಒಂದು ಫೋಟೋ ಹೇಳಲ್ಲ. ಅದಕ್ಕೇ ಆ ಒಪ್ಪಂದಗಳಲ್ಲಿ ಉಪಗ್ರಹದ ಜೊತೆಗೆ ತಪಾಸಣಾಧಿಕಾರಿಗಳು ಸ್ಥಳಕ್ಕೇ ಬಂದು ನೋಡುವ ಏರ್ಪಾಟೂ ಇತ್ತು.

ಆ ಏರ್ಪಾಟು ಕೋವಿಡ್‌ನಿಂದಾಗಿ 2020ರಲ್ಲಿ ನಿಂತಿತು, ಮತ್ತೆ ಶುರುವಾಗಲಿಲ್ಲ. 2023ರಲ್ಲಿ ರಷ್ಯಾ ನ್ಯೂ ಸ್ಟಾರ್ಟ್‌ನಲ್ಲಿ ತನ್ನ ಪಾಲ್ಗೊಳ್ಳುವಿಕೆಯನ್ನು ತಡೆಹಿಡಿಯಿತು. ಆ ಒಪ್ಪಂದಕ್ಕೆ ಇದ್ದ ಗಡುವು 2026ರ ಫೆಬ್ರವರಿ. ಒಂದು ಕಾಲಕ್ಕೆ ಎರಡು ಸರ್ಕಾರಗಳ ಬಳಿ ಮಾತ್ರ ಇದ್ದ ನೋಟ ಇವತ್ತು ಪುಕ್ಕಟೆಯಾಗಿ ನಮ್ಮ ಕೈಗೆ ಬಂದಿದೆ. ಆದರೆ ‘ನೋಡಿ, ಎಣಿಸಿಕೊಳ್ಳಿ’ ಅಂತ ಬಯಲಲ್ಲಿ ಬಿಡೋ ಒಪ್ಪಂದ ಇಲ್ಲದಿದ್ರೆ, ಕ್ಯಾಮೆರಾ ಎಷ್ಟೇ ಚೆನ್ನಾಗಿದ್ರೂ ಸೂರಿನ ಕೆಳಗೆ ಇಟ್ಟಿದ್ದು ಕಾಣಲ್ಲ.

ಈ ವಾರ ಬಿಡುವಾದಾಗ ಒಂದು ಸಾಲು ಆರಿಸಿಕೊಂಡು, ಎರಡು ದಿನಾಂಕದ ಚಿತ್ರ ಇಟ್ಟು ಎಣಿಸಿ ನೋಡಿ. ಮನೆಯಲ್ಲಿ ಮಕ್ಕಳಿದ್ರೆ ರೂಲರ್ ಅವರ ಕೈಗೇ ಕೊಡಿ. ಮುಂದಿನ ಮಾತಿನಲ್ಲಿ ಸಿಗೋಣ.